ಆಟ ಬಿಟ್ಟ ಯಜಮಾನರು ಕೋಚ್ ಆಗಬೇಕಾ?

ನವಲಗುಂದ, ಕುಂದಗೋಳದ ಕಡೆ ಕಬಡ್ಡಿ ಆಡಿ ಹೆಸರು ಮಾಡಿದ ನಿಮ್ಮ ಮನೆಯವರು ಈಗ 'ಕೋಚ್ ಆಗ್ತೀನಿ' ಅಂದ್ರೆ ದಿಗಿಲಾಗೋದು ಸಹಜ. ಸಂಬಳ ಎಷ್ಟು, ಮನೇಲಿ ಇರೋದು ಯಾವಾಗ?

ಒಳ್ಳೇ ಆಟಗಾರ ಒಳ್ಳೇ ಗುರು ಆಗಲೇಬೇಕು ಅಂತೇನಿಲ್ಲ. ಫುಟ್‌ಬಾಲ್ ದೊರೆ ಮರಡೋನಾ ಕೋಚ್ ಆಗಿದ್ದಾಗ, 2010ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಜರ್ಮನಿಗೆ 0-4ರಿಂದ ಸೋತಿತು. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಮಾತ್ರ ಭಾರತಕ್ಕೆ ಕಬಡ್ಡಿ ಆಡಿ, ಆಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಪ್ ಗೆದ್ದುಕೊಟ್ಟರು.

ಮಗನಿಗೆ ಲೆಕ್ಕ ಹೇಳಿಕೊಡುವಾಗ ನಿಮ್ಮವರು ಎರಡನೇ ಸಲಕ್ಕೇ ರೇಗ್ತಾರಾ? (ಅದು ನಿಮಗೇ ಗೊತ್ತು!) ಹಾಗಿದ್ದರೆ ಯೋಚಿಸಿ. ಇಲ್ಲವಾದರೆ ತಡೀಬೇಡಿ. ಮೊದಲು ಎನ್‌ಐಎಸ್ ಸರ್ಟಿಫಿಕೇಟ್ ಪಡೆಯಲಿ. ಅಲ್ಲಿವರೆಗೆ ಇರೋ ಕೆಲಸ ಬಿಡೋದು ಬೇಡ, ಸಂಜೆ ಶಾಲೆ ಮೈದಾನದಲ್ಲಿ ಮಕ್ಕಳಿಗೆ ಹೇಳಿಕೊಡಲಿ. ಹುಡುಗಿಯರಿಗೂ!