ಹೋಮೋಸಿಸ್ಟೀನ್ ಮತ್ತು ಮರೆವಿನ ರೋಗ

ಬಿರುಗಾಳಿ ಬರುವ ಮುನ್ನ ವಾಯುಭಾರಮಾಪಕದ ಪಾದರಸ ಇಳಿಯುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಹಾಗೆಂದು ಆ ಪಾದರಸವನ್ನು ಹೇಗಾದರೂ ಮೇಲಕ್ಕೇರಿಸಿದರೆ ಬಿರುಗಾಳಿ ನಿಂತೀತೆ? ನಿಲ್ಲದು. ಪಾದರಸದ ಇಳಿತ ಬಿರುಗಾಳಿಯ ಸೂಚನೆಯೇ ಹೊರತು ಕಾರಣವಲ್ಲ. ಈ ಭೇದವನ್ನು ಅರಿಯುವುದು ವೈದ್ಯವಿಜ್ಞಾನದಲ್ಲಿ ಎಷ್ಟು ಕಷ್ಟವೆಂಬುದಕ್ಕೆ ಹೋಮೋಸಿಸ್ಟೀನಿನ ಕಥೆಯನ್ನು ನೋಡೋಣ.

ಹೋಮೋಸಿಸ್ಟೀನ್ ಎಂಬುದು ಗಂಧಕವುಳ್ಳ ಒಂದು ಅಮೈನೊ ಆಮ್ಲ. ನಾವು ಉಣ್ಣುವ ಬೇಳೆ, ಹಾಲು, ಮಾಂಸಗಳಲ್ಲಿ ಮೆಥಿಯೊನೀನ್ ಎಂಬ ಇನ್ನೊಂದು ಅಮೈನೊ ಆಮ್ಲವಿದೆ. ದೇಹವು ಅದನ್ನು ಬಳಸಿಕೊಳ್ಳುವಾಗ ಹೋಮೋಸಿಸ್ಟೀನ್ ಹುಟ್ಟುತ್ತದೆ. ಇದನ್ನು ಮರಳಿ ಮೆಥಿಯೊನೀನ್ ಮಾಡಲು ಬಿ12 ಮತ್ತು ಫೋಲೇಟ್ ಜೀವಸತ್ತ್ವಗಳು ಬೇಕು. ಸಿಸ್ಟೀನ್ ಆಗಿ ಮಾರ್ಪಡಿಸಲು ಬಿ6 ಬೇಕು. ಇವು ಸಾಲದಾದಾಗ ಹೋಮೋಸಿಸ್ಟೀನ್ ರಕ್ತದಲ್ಲಿ ಹೆಚ್ಚುತ್ತದೆ.

ಇನ್ನು ಅಲ್‌ಜೈಮರ್ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಜೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದನು. ಇದರಲ್ಲಿ ಮಿದುಳು ಕ್ರಮೇಣ ಕುಗ್ಗಿ, ನೆನಪೂ ವಿವೇಚನೆಯೂ ಅಳಿಯುತ್ತವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 1,092 ಮಂದಿ ವೃದ್ಧರನ್ನು ಸುಮಾರು 8 ವರ್ಷಗಳ ಕಾಲ ಗಮನಿಸಿದ ಫಲವು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ 83 ಮಂದಿಗೆ ಈ ರೋಗ ತಗಲಿತ್ತು. ಲೀಟರು ರಕ್ತರಸದಲ್ಲಿ 14 ಮೈಕ್ರೊಮೋಲಿಗಿಂತ ಹೆಚ್ಚು ಹೋಮೋಸಿಸ್ಟೀನ್ ಇದ್ದವರಿಗೆ ರೋಗದ ಸಂಭವ ಹೆಚ್ಚುಕಡಮೆ ಇಮ್ಮಡಿಯಾಗಿತ್ತು.

ಹಾಗಾದರೆ ಹೋಮೋಸಿಸ್ಟೀನೇ ರೋಗದ ಕಾರಣವೆ, ಅಥವಾ ಪಾದರಸದಂತೆ ಬರಿಯ ಸೂಚನೆಯೆ? ಇದಕ್ಕೆ ಉತ್ತರ ಹೇಳಬೇಕಾದುದು ಪ್ರಯೋಗ. ಬಿ ಜೀವಸತ್ತ್ವಗಳನ್ನು ಕೊಟ್ಟು ಹೋಮೋಸಿಸ್ಟೀನನ್ನು ಇಳಿಸಿ, ರೋಗವೂ ತಗ್ಗುವುದೋ ಎಂದು ನೋಡಬೇಕು. 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಈಗಾಗಲೇ ರೋಗಕ್ಕೀಡಾಗಿದ್ದ 409 ಮಂದಿಯಲ್ಲಿ ಕೆಲವರಿಗೆ ಜೀವಸತ್ತ್ವವನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ 18 ತಿಂಗಳು ಕೊಡಲಾಯಿತು. ಜೀವಸತ್ತ್ವ ಪಡೆದವರಲ್ಲಿ ಹೋಮೋಸಿಸ್ಟೀನ್ ಇಳಿಯಿತು. ಬುದ್ಧಿಶಕ್ತಿಯ ಕುಸಿತ ಮಾತ್ರ ನಿಧಾನವಾಗಲಿಲ್ಲ.

ಕಥೆ ಇಲ್ಲಿಗೇ ಮುಗಿಯಿತೆನ್ನುವಷ್ಟರಲ್ಲಿ, 2010ರಲ್ಲಿ ಆಕ್ಸ್‌ಫರ್ಡಿನಿಂದ ಬೇರೊಂದು ಸುದ್ದಿ ಬಂದಿತು. ಅಲ್ಲಿ ಆರಿಸಿಕೊಂಡವರು ರೋಗಿಗಳಲ್ಲ, ಮರೆವು ಆಗತಾನೇ ತಲೆದೋರಿದ್ದ ವೃದ್ಧರು. 168 ಮಂದಿಯ ಮಿದುಳನ್ನು 2 ವರ್ಷಗಳ ಅಂತರದಲ್ಲಿ ಅಳೆದಾಗ, ಹುಸಿಮಾತ್ರೆ ಸೇವಿಸಿದವರಲ್ಲಿ ಅದು ವರ್ಷಕ್ಕೆ ಶೇಕಡ 1.08ರಂತೆ ಕುಗ್ಗಿತ್ತು, ಜೀವಸತ್ತ್ವ ಸೇವಿಸಿದವರಲ್ಲಿ ಶೇಕಡ 0.76ರಂತೆ. ಹೋಮೋಸಿಸ್ಟೀನ್ ಹೆಚ್ಚಾಗಿದ್ದವರಿಗೇ ಪ್ರಯೋಜನವೂ ಹೆಚ್ಚು. ಆದರೆ ಸುಮಾರು 22,000 ಜನರನ್ನೊಳಗೊಂಡ 11 ಪ್ರಯೋಗಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬುದ್ಧಿಶಕ್ತಿಯ ಮೇಲೆ ಗಣನೀಯ ಪರಿಣಾಮ ಕಾಣಲಿಲ್ಲ. ಅಂತೂ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.

ಆದುದರಿಂದ ಮರೆವಿಗೆ ಹೆದರಿ ಎಲ್ಲರೂ ಮಾತ್ರೆ ನುಂಗಬೇಕಾಗಿಲ್ಲ. ಆದರೂ ನಾವು ಗಮನಿಸಬೇಕಾದ ಅಂಶವೊಂದುಂಟು. ಬಿ12 ಸಹಜವಾಗಿ ದೊರೆಯುವುದು ಹಾಲು, ಮೊಟ್ಟೆ, ಮಾಂಸ ಮೊದಲಾದ ಪ್ರಾಣಿಜನ್ಯ ಆಹಾರದಿಂದ. ಅದರ ಕೊರತೆ ನಮ್ಮ ಸಸ್ಯಾಹಾರಿಗಳಲ್ಲಿ ವಿರಳವಲ್ಲ. ಮುಪ್ಪಿನಲ್ಲಿ ಜೀರ್ಣಾಂಗಗಳು ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುವುದುಂಟು. ಈ ಕೊರತೆಯೊಂದರಿಂದಲೇ ಮರೆವು ಬರಬಹುದು, ಮತ್ತು ಬೇಗ ಕಂಡುಹಿಡಿದರೆ ಅದನ್ನು ಗುಣಪಡಿಸಬಹುದು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಮರೆಯತೊಡಗಿದಾಗ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ, ಒಮ್ಮೆ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸುವುದು ಒಳಿತು.