ಬೇಸ್ ಜಾಸ್ತಿಯಾದರೆ ಬೇಸ್ ಆದೀತೇ?

ಕಳೆದ ಜೂನ್ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಮನೆಗೆ ಬಂದ. ಹುಡುಗ ಪಿ.ಯು. ಮೊದಲ ವರ್ಷ. ತಂದೆಗೆ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ. "ಮೇಷ್ಟ್ರೇ, ಇವನಿಗೆ ನೀವೇ ಒಂದು ಮಾತು ಹೇಳಿ. ಆರು ನೂರು ಕೊಟ್ಟು ಇಯರ್‌ಫೋನ್ ತೆಗೆಸಿಕೊಟ್ಟು ಮೂರು ತಿಂಗಳಾಗಿಲ್ಲ. ಈಗ ಮೂರು ಸಾವಿರದ್ದು ಬೇಕಂತೆ" ಎಂದರು. ಹುಡುಗ ತಲೆ ತಗ್ಗಿಸಿಕೊಂಡೇ "ಇದರಲ್ಲಿ ಬೇಸ್ ಇಲ್ಲ ಸಾರ್" ಎಂದ.

ರಾಯಚೂರು ಕಡೆಯವರು ಈ ಮಾತು ಕೇಳಿದ್ದರೆ ನಗುತ್ತಿದ್ದರೇನೋ. ಅವರ ಆಡುಮಾತಿನಲ್ಲಿ 'ಬೇಸ್' ಎಂದರೆ ಚೆನ್ನಾಗಿದೆ ಎಂದರ್ಥ. ಹುಡುಗ ಹೇಳಿದ್ದು ಇಂಗ್ಲಿಷಿನ ಬೇಸ್, ಅಂದರೆ ಮಂದ್ರದ ನಾದ. ನಮ್ಮ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಕೇಳಬಲ್ಲದು. ಇದರಲ್ಲಿ ಕೆಳಗಿನ 250 ಹರ್ಟ್ಸ್‌ವರೆಗಿನದನ್ನು ಸ್ಥೂಲವಾಗಿ ಬೇಸ್ ಎನ್ನುತ್ತಾರೆ.

ಇಯರ್‌ಫೋನನ್ನು ಒರೆಸಿ ನನ್ನ ಕಿವಿಗೆ ಹಾಕಿಕೊಂಡೆ. ಅವನ ಮೊಬೈಲಿನಲ್ಲಿ ಒಂದು ಕಚೇರಿಯ ಧ್ವನಿಮುದ್ರಣ ಹಾಕಿಸಿದೆ. ಮೃದಂಗ ಸಾಕಷ್ಟು ತುಂಬಿಯೇ ಕೇಳುತ್ತಿತ್ತು! ನನಗೆ ಕೇಳುವ ಬೇಸ್ ಹುಡುಗನಿಗೆ ಏಕೆ ಕೇಳುತ್ತಿಲ್ಲ? ಐವತ್ತು ದಾಟಿದವನ ಕಿವಿ ಹದಿನಾರರ ಕಿವಿಗಿಂತ ಚುರುಕಾಗಿರುವುದುಂಟೇ?

ಉತ್ತರ ಇಯರ್‌ಫೋನಿನ ತುದಿಯಲ್ಲಿರುವ ರಬ್ಬರಿನಲ್ಲಿತ್ತು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾದರೆ 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 7 ಮೀಟರ್ ಆಯಿತು. ನಮ್ಮ ಕಿವಿಯ ನಾಳವೋ ಎರಡೂವರೆ ಸೆಂಟಿಮೀಟರ್. ಉಗುರಿಗಿಂತ ಚಿಕ್ಕ ಪೊರೆಯೊಂದು ಇಂಥ ನಾದವನ್ನು ಹೇಗೆ ಕೇಳಿಸುತ್ತದೆ? ಕೋಣೆಯಲ್ಲಿಟ್ಟ ಸ್ಪೀಕರಾದರೆ ಬಹಳಷ್ಟು ಗಾಳಿಯನ್ನು ತಳ್ಳಬೇಕು, ಅದಕ್ಕೇ ಬೇಸ್ ಸ್ಪೀಕರುಗಳು ಅಷ್ಟು ದೊಡ್ಡವು. ಇಯರ್‌ಫೋನ್ ತಳ್ಳಬೇಕಾದದ್ದು ಕಿವಿನಾಳದಲ್ಲಿ ಸಿಕ್ಕಿಕೊಂಡ ಒಂದಿಷ್ಟು ಗಾಳಿಯನ್ನು ಮಾತ್ರ. ಪೊರೆ ಮುಂದೆ ಬಂದಾಗ ಆ ಗಾಳಿ ಒತ್ತಲ್ಪಡುತ್ತದೆ, ಹಿಂದೆ ಸರಿದಾಗ ಸಡಿಲವಾಗುತ್ತದೆ. ಒಳಗಿನ ತಮಟೆ ಅದರಂತೆ ಕುಣಿಯುತ್ತದೆ.

ಆದರೆ ಗಾಳಿ ಸಿಕ್ಕಿಕೊಂಡಿರಬೇಕು! ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿ ನೋಡಿ, ಗಾಳಿ ಎದುರು ನಿಲ್ಲುತ್ತದೆ. ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿ ನಿಧಾನವಾಗಿ ತಳ್ಳಿ. ಗಾಳಿ ಸುಯ್ಯೆಂದು ಸೋರಿ ಒತ್ತಡವೇ ಏರುವುದಿಲ್ಲ. ಅದೇ ಸಂದಿಟ್ಟುಕೊಂಡು ರಪ್ಪೆಂದು ತಳ್ಳಿದರೆ ಮತ್ತೆ ಒತ್ತಡ ತಿಳಿಯುತ್ತದೆ, ಸೋರಲು ಗಾಳಿಗೆ ಪುರಸೊತ್ತಿರುವುದಿಲ್ಲ. ಬೇಸ್ ಎಂದರೆ ನಿಧಾನದ ತಳ್ಳು. ಆದ್ದರಿಂದ ರಬ್ಬರು ಕಿವಿಗೆ ಸರಿಯಾಗಿ ಕೂರದಿದ್ದರೆ ಮೊದಲು ಸೋರಿಹೋಗುವುದು ಅದೇ. ಕೊಳಲು, ಗಾಯಕರ ದನಿ ಹಾಗೆಯೇ ಇರುವುದರಿಂದ ಸೋರಿಕೆಯ ಅನುಮಾನವೇ ಬರುವುದಿಲ್ಲ. ಸರಕು ಕಳಪೆ ಎಂದುಕೊಳ್ಳುತ್ತೇವೆ.

"ಡಬ್ಬಿಯಲ್ಲಿ ಬೇರೆ ಅಳತೆಯ ರಬ್ಬರುಗಳಿದ್ದವಲ್ಲ, ಎಲ್ಲಿ?" ಎಂದೆ. ಹುಡುಗ ಮನೆಗೆ ಓಡಿಹೋಗಿ ತಂದ. ಪುಟ್ಟ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿಯೇ ಇರಲಿಲ್ಲ. ದೊಡ್ಡ ಅಳತೆಯದನ್ನು ತೊಡಿಸಿ, ಕಿವಿಯ ಮೇಲ್ಭಾಗವನ್ನು ಸ್ವಲ್ಪ ಮೇಲಕ್ಕೆಳೆದು ಕೂರಿಸಲು ಹೇಳಿದೆ. ಅವನ ಮುಖವೇ ಬದಲಾಯಿತು. ನೀವೂ ಪರೀಕ್ಷಿಸಬಹುದು. ಹಾಡು ನಡೆಯುತ್ತಿರುವಾಗ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಬೇಸ್ ಥಟ್ಟನೆ ಏರಿದರೆ ರಬ್ಬರಿನ ಅಳತೆ ನಿಮ್ಮ ಕಿವಿಯದಲ್ಲ.

ತಂದೆಗೆ ಸಮಾಧಾನವಾಯಿತು. ನನಗೆ ಪೂರ್ತಿ ಆಗಲಿಲ್ಲ. ಬೇಸ್ ಬಂತು, ಸರಿ. ಅದು ಒಳ್ಳೆಯ ಬೇಸೇ?

ಇದನ್ನು ಅಳೆಯಲು ನಮ್ಮ ಸಂಗೀತಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ. ಕಚೇರಿಗೆ ಮುನ್ನ ಮೃದಂಗದ ಎಡಮುಚ್ಚಿಗೆಗೆ ರವೆ ಕಲಸಿ ಮೆತ್ತುವುದನ್ನು ನೋಡಿರುತ್ತೀರಿ. ಚರ್ಮದ ಭಾರ ಹೆಚ್ಚಿ ನಾದ ಕೆಳಗಿಳಿಯುತ್ತದೆ. ವಿದ್ವಾಂಸರು ಆ ಕಡೆ ಅಂಗೈಯನ್ನು ಒತ್ತಿ ಜಾರಿಸಿದಾಗ ನಾದವೂ ಮೇಲಕ್ಕೆ ಜಾರುತ್ತದೆ, ಇದೇ ಗುಮ್ಕಿ. ಒಳ್ಳೆಯ ಇಯರ್‌ಫೋನಿನಲ್ಲಿ ಈ ಜಾರು ಸ್ಪಷ್ಟ. ಪೆಟ್ಟು ಬಿದ್ದದ್ದೂ, ನಾದ ನಿಂತದ್ದೂ ತಿಳಿಯುತ್ತದೆ. ಕಳಪೆಯದರಲ್ಲಿ ಎಲ್ಲ ಪೆಟ್ಟೂ ಒಂದೇ 'ಬುಂ', ಒಂದು ಮುಗಿಯುವುದರೊಳಗೆ ಇನ್ನೊಂದು. ಪುರುಷ ಗಾಯಕರ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನೂ ಕೇಳಿ ನೋಡಿ. ಅದು ಸಾಮಾನ್ಯವಾಗಿ 65-75 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅದು ಹಾಡಿನ ಅಡಿಯಲ್ಲಿ ಚಾಪೆಯಂತೆ ಹಾಸಿರಬೇಕು, ಗಾಯಕರ ಮೇಲೆ ಕಂಬಳಿಯಂತೆ ಹೊದ್ದುಕೊಳ್ಳಬಾರದು. ಕೆಳಸ್ವರಗಳು ಜೋರಾದರೆ ಮೇಲಿನ ಸ್ವರಗಳನ್ನು ಮರೆಮಾಡುವುದು ಕಿವಿಯ ಸ್ವಭಾವ. ಸಾಹಿತ್ಯದ ಅಕ್ಷರಗಳು ಮಸುಕಾದರೆ ಬೇಸ್ ಅತಿಯಾಯಿತೆಂದೇ ತಿಳಿಯಿರಿ.

ಹೋಲಿಸುವಾಗ ಒಂದು ಮೋಸವಿದೆ. ಮೆಲುದನಿಯಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳುವುದಿಲ್ಲ. ದನಿ ಏರಿಸಿದಂತೆ ಬೇಸ್ ಬೇರೆಯವುಗಳಿಗಿಂತ ಬೇಗ ಏರಿದಂತೆ ತೋರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದರು. ಎರಡು ಇಯರ್‌ಫೋನುಗಳಲ್ಲಿ ಯಾವುದು ಕೊಂಚ ಜೋರೋ ಅದೇ ಬೇಸ್ ಉಳ್ಳದ್ದೆನಿಸುವುದು ಹೀಗೆ. ಅದಕ್ಕೆ ಮೊದಲು ಬರೀ ಮಾತು, ಉದಾಹರಣೆಗೆ ವಾರ್ತೆ, ಕೇಳಿ ಎರಡರಲ್ಲೂ ದನಿ ಸಮವಾಗುವಂತೆ ಹೊಂದಿಸಿಕೊಳ್ಳಿ. ಹಾಡು ಆಮೇಲೆ.

ಇನ್ನು ಬೆಲೆ. ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಹೋಲಿಸಿ 2017ರಲ್ಲಿ ಒಂದು ಲೇಖನ ಪ್ರಕಟಿಸಿದರು. ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಎಂಬುದಕ್ಕೂ ಬೆಲೆಗೂ ಸಂಬಂಧ ಅವರಿಗೆ ಕಾಣಲಿಲ್ಲ. ಡಬ್ಬಿಯ ಮೇಲೆ 'ಎಕ್ಸ್‌ಟ್ರಾ ಬೇಸ್' ಎಂದಿದ್ದರೆ ನಾನಂತೂ ಅದನ್ನು ಎಚ್ಚರಿಕೆಯ ಫಲಕದಂತೆ ಓದುತ್ತೇನೆ.

ತಂದೆತಾಯಿಗಳು ಹಣಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ರಬ್ಬರು ಸೋರುತ್ತಿದ್ದರೆ ಬಸ್ಸಿನ ಗದ್ದಲ ಒಳಗೆ ಬರುತ್ತದೆ, ಬೇಸ್ ಹೊರಗೆ ಹೋಗುತ್ತದೆ. ಹುಡುಗರು ಮಾಡುವುದೇನು? ವಾಲ್ಯೂಮ್ ಏರಿಸುತ್ತಾರೆ. ಬೇಸ್ ಮಾತ್ರವಲ್ಲ, ಉಳಿದ ಸ್ವರಗಳೂ ಏರಿ ಒಳಗಿವಿಯ ರೋಮಕೋಶಗಳನ್ನು ಬಡಿಯುತ್ತವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ಬರೀ 4 ಗಂಟೆ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬಲ್‌ಗೇ. ಆ ಹುಡುಗನ ಮೊಬೈಲಿನಲ್ಲಿ ವಾಲ್ಯೂಮ್ ಗೆರೆ ತುದಿ ಮುಟ್ಟಿತ್ತು. ಹೊಸ ರಬ್ಬರು ಕೂತ ಮೇಲೆ ಅವನೇ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ, ನಾನು ಹೇಳಿರಲಿಲ್ಲ.

ದಸರಾ ರಜೆಯಲ್ಲಿ ಹುಡುಗ ಮತ್ತೆ ಬಂದ. ಹಳೆಯದರಲ್ಲಿ ಗುಮ್ಕಿ ಕೇಳುವುದಿಲ್ಲವೆಂದು ತಾನೇ ಕಂಡುಕೊಂಡಿದ್ದ. ಗೆಳೆಯರ ನಾಲ್ಕು ಇಯರ್‌ಫೋನುಗಳನ್ನು ಎರವಲು ಪಡೆದು, ಒರೆಸಿ, ದನಿ ಸಮಮಾಡಿ ಕೇಳಿ, ಕೊನೆಗೆ ಸಾವಿರದ ಇನ್ನೂರರದೊಂದನ್ನು ಆರಿಸಿದ್ದ. ತಂದೆ ತಕರಾರಿಲ್ಲದೆ ಕೊಡಿಸಿದರಂತೆ. ಕೈಗೆತ್ತಿಕೊಂಡು ನೋಡಿದೆ: ಬಲಗಡೆಗೆ ದೊಡ್ಡ ರಬ್ಬರು, ಎಡಗಡೆಗೆ ಮಧ್ಯಮ. "ಎರಡು ಕಿವಿ ಒಂದೇ ಅಳತೆ ಇಲ್ಲ ಸಾರ್" ಎಂದ. "ಅಪ್ಪನೂ ಅದನ್ನೇ ಅಂದ್ರು, ಯಾರಿಗೂ ಎರಡು ಭುಜ ಸಮ ಇರಲ್ಲವಂತೆ."