ಕೊಂಡಿ ಎಲ್ಲಿ ತೆರೆಯಬೇಕು?

ಜಾಲಪುಟದಲ್ಲಿ ಕೊಂಡಿ ಹಾಕುವಾಗ ಅದು ಯಾವ ಪುಟಕ್ಕೆ ಹೋಗಬೇಕೆಂದು ಹೇಳಿದರೆ ಸಾಕು; ಆ ಪುಟ ಓದುತ್ತಿದ್ದ ಪುಟದ ಜಾಗದಲ್ಲೇ ತೆರೆದುಕೊಳ್ಳುತ್ತದೆ. ಹೊಸ ಟ್ಯಾಬ್ ಬೇಕೆಂದರೆ ಎಚ್‌ಟಿಎಂಎಲ್‌ನ ‘ಟಾರ್ಗೆಟ್’ ಎಂಬ ಆಟ್ರಿಬ್ಯೂಟ್‌ನಲ್ಲಿ ‘_ಬ್ಲ್ಯಾಂಕ್’ ಎಂದು ಬರೆಯಬೇಕು. ವರ್ಡ್‌ಪ್ರೆಸ್‌ನಲ್ಲಿ ಹೊಸ ಟ್ಯಾಬ್‌ನ ಆಯ್ಕೆಯನ್ನು ಒತ್ತಿದಾಗ ಒಳಗೆ ಆಗುವುದೂ ಇದೇ.

ಟಾರ್ಗೆಟ್ ಹುಟ್ಟಿದ್ದು ಬೇರೊಂದು ಅಗತ್ಯಕ್ಕೆ. 1990ರ ದಶಕದ ನಡುವೆ ನೆಟ್‌ಸ್ಕೇಪ್ ತನ್ನ ಬ್ರೌಸರಿನ 2.0 ಆವೃತ್ತಿಯಲ್ಲಿ ಫ್ರೇಮ್‌ಗಳನ್ನು ತಂದಿತು. ಎಡಗಡೆಯ ಚೌಕದಲ್ಲಿ ಪರಿವಿಡಿ, ಬಲಗಡೆ ಲೇಖನ. ಎಡದ ಕೊಂಡಿ ಒತ್ತಿದರೆ ಬಲದ ಪುಟ ಬದಲಾಗಬೇಕು. ಅದಕ್ಕಾಗಿ ಚೌಕಕ್ಕೊಂದು ಹೆಸರಿಟ್ಟು, ಆ ಹೆಸರನ್ನು ಕೊಂಡಿಯ ಟಾರ್ಗೆಟ್‌ನಲ್ಲಿ ಬರೆಯುತ್ತಿದ್ದರು. 1997ರ ಎಚ್‌ಟಿಎಂಎಲ್ 4.0 ತನ್ನ ‘ಸ್ಟ್ರಿಕ್ಟ್’ ರೂಪದಿಂದ ಟಾರ್ಗೆಟನ್ನು ಹೊರಗಿಟ್ಟಿತು. 2014ರ ಎಚ್‌ಟಿಎಂಎಲ್5 ಫ್ರೇಮ್‌ಗಳನ್ನು ಕೈಬಿಟ್ಟು ಟಾರ್ಗೆಟನ್ನು ಮರಳಿ ಸೇರಿಸಿಕೊಂಡಿತು.

ಹೆಸರಿಡುವ ಆ ಪದ್ಧತಿ ಇಂದಿಗೂ ಉಳಿದಿದೆ. ಅಂಡರ್‌ಸ್ಕೋರ್ ಬಿಟ್ಟು ಬರಿ ‘ಬ್ಲ್ಯಾಂಕ್’ ಎಂದು ಬರೆದರೆ ಬ್ರೌಸರ್ ಅದನ್ನೊಂದು ಹೆಸರೆಂದೇ ತಿಳಿಯುತ್ತದೆ. ಮೊದಲ ಕೊಂಡಿ ಹೊಸ ಟ್ಯಾಬ್‌ನಲ್ಲೇ ತೆರೆಯುವುದರಿಂದ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಎರಡನೆಯದನ್ನು ಒತ್ತಿದಾಗ ಅದೂ ಅದೇ ಟ್ಯಾಬ್‌ಗೆ ಹೋಗಿ, ಮೊದಲು ತೆರೆದಿದ್ದ ಪುಟವನ್ನು ಸರಿಸಿ ಕೂರುತ್ತದೆ. ಪುಟ ತಿದ್ದುವವರು ಇದನ್ನು ಎರಡು ಕೊಂಡಿ ಒತ್ತಿಯೇ ಪರೀಕ್ಷಿಸಬೇಕು.

ಇನ್ನೊಂದು ತೊಡಕು ಸುರಕ್ಷತೆಯದು. ‘_ಬ್ಲ್ಯಾಂಕ್’ ಮೂಲಕ ತೆರೆದ ಪುಟಕ್ಕೆ ತನ್ನನ್ನು ತೆರೆದ ಪುಟದ ಮೇಲೆ ಒಂದು ಹಿಡಿತ ಸಿಗುತ್ತಿತ್ತು. ದುರುದ್ದೇಶದ ತಾಣವೊಂದು ನಾವು ಅತ್ತ ನೋಡುತ್ತಿರುವಾಗ ಹಿಂದಿನ ಟ್ಯಾಬನ್ನು ನಕಲಿ ಲಾಗಿನ್ ಪುಟಕ್ಕೆ ತಿರುಗಿಸಬಹುದಿತ್ತು. ಇದನ್ನು ತಡೆಯುವುದು ‘ರೆಲ್’ ಆಟ್ರಿಬ್ಯೂಟ್‌ನ ‘ನೋಓಪನರ್’. 2020ರಲ್ಲಿ ಫೈರ್‌ಫಾಕ್ಸ್ 79, 2021ರಲ್ಲಿ ಕ್ರೋಮ್ 88 ಈ ರಕ್ಷಣೆಯನ್ನು ತಾವಾಗಿಯೇ ಕೊಡತೊಡಗಿದವು. ಹಳೆಯ ಬ್ರೌಸರ್ ಇಟ್ಟುಕೊಂಡವರ ಸಲುವಾಗಿ ಅದನ್ನು ಈಗಲೂ ಬರೆಯುವುದು ಒಳ್ಳೆಯದು.

ಆದರೆ ಹೊಸ ಟ್ಯಾಬ್ ಬೇಕೇ ಎಂಬುದೇ ಮುಖ್ಯ ಪ್ರಶ್ನೆ. ಓದುಗರು ನಮ್ಮ ತಾಣ ಬಿಟ್ಟು ಹೋಗಬಾರದೆಂಬ ಆಸೆಗೆ ಎಷ್ಟೋ ಸಂಪಾದಕರು ಹೊರಗಿನ ಕೊಂಡಿಗೆಲ್ಲ ‘_ಬ್ಲ್ಯಾಂಕ್’ ಹಾಕುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಸಾಮಾನ್ಯ ಕೊಂಡಿಯನ್ನು ಕಂಟ್ರೋಲ್ ಕೀಲಿ ಹಿಡಿದು ಒತ್ತಿ, ಫೋನಿನಲ್ಲಾದರೆ ಒತ್ತಿಹಿಡಿದು, ಹೊಸ ಟ್ಯಾಬ್‌ನಲ್ಲಿ ತೆರೆಯಲು ಓದುಗರಿಗೆ ದಾರಿಯಿದೆ. ‘_ಬ್ಲ್ಯಾಂಕ್’ ಹಾಕಿದ ಕೊಂಡಿಯನ್ನು ಅದೇ ಟ್ಯಾಬ್‌ನಲ್ಲಿ ತೆರೆಯಲು ಅಂಥ ಸುಲಭದ ದಾರಿಯಿಲ್ಲ. ಹೊಸ ಟ್ಯಾಬ್‌ನಲ್ಲಿ ಬ್ಯಾಕ್ ಬಟನ್ ಕೂಡ ಎಲ್ಲ ಬ್ರೌಸರ್‌ಗಳಲ್ಲೂ ಹಳೆಯ ಪುಟಕ್ಕೆ ಕರೆದೊಯ್ಯುತ್ತದೆ ಎನ್ನುವಂತಿಲ್ಲ. ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಬಳಸುವವರು, ಫೋನಿಗೆ ಹೊಸಬರಾದ ಹಿರಿಯರು ಇಲ್ಲೇ ದಾರಿ ತಪ್ಪುತ್ತಾರೆ.

ಅರ್ಧ ತುಂಬಿದ ಅರ್ಜಿಯ ನಡುವೆ ಬರುವ ‘ನಿಯಮಗಳನ್ನು ಓದಿ’ ಎಂಬ ಕೊಂಡಿಯ ಮಾತು ಬೇರೆ. ಅದೇ ಟ್ಯಾಬ್‌ನಲ್ಲಿ ತೆರೆದರೆ ತುಂಬಿದ್ದೆಲ್ಲ ಅಳಿಸಿಹೋಗಬಹುದು. ಅಲ್ಲಿ ‘_ಬ್ಲ್ಯಾಂಕ್’ ಹಾಕಿ, ಕೊಂಡಿಯ ಪಠ್ಯದಲ್ಲೇ ‘ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ’ ಎಂದು ಸೇರಿಸಬೇಕು. ಬರಿ ಚಿಹ್ನೆಯಿಟ್ಟರೆ ಸ್ಕ್ರೀನ್ ರೀಡರ್‌ಗೆ ಅದು ಕಾಣದೇ ಹೋಗಬಹುದು.